ತಾನು ಹಾಕದ ಚೀಟಿ

ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ಹತ್ತುವಾಗ ಇನ್ನಾಸಪ್ಪ ಎಡಗಾಲನ್ನೇ ಮೊದಲು ಮೆಟ್ಟಿಲ ಮೇಲಿಟ್ಟ. ಶಕುನ ಗಿಕುನ ನಂಬುವ ಪೈಕಿ ಅವನಲ್ಲ. ಇದು ಹದಿನಾಲ್ಕು ವರ್ಷದ ರೂಢಿ. ಬಲಗಾಲನ್ನು ಅವನು ಯಾವ ಕೆಲಸಕ್ಕೂ ಮುಂದೆ ಬಿಡುತ್ತಿರಲಿಲ್ಲ. ಮನೆಯಲ್ಲೂ ಕಾಲುಚೀಲ, ನೆಂಟರ ಮನೆಯಲ್ಲೂ ಕಾಲುಚೀಲ, ಏಪ್ರಿಲ್ ತಿಂಗಳ ಈ ಸುಡುಬಿಸಿಲಲ್ಲೂ ಕಾಲುಚೀಲ. "ಬೂಟು ಯಾಕೋ ಕಚ್ತಿದೆ, ಗಾಂಧಿ ಬಜಾರಲ್ಲಿ ಫಕ್ರುದ್ದೀನ್‌ಗೆ ತೋರಿಸ್ಕೊಂಡು ಬರ್ತೀನಿ" ಎಂದು ಹೆಂಡತಿಗೆ ಹೇಳಿ ಹೊರಟಿದ್ದ. ಆರೋಗ್ಯಮ್ಮ ಮೊರದಿಂದ ತಲೆಯೆತ್ತದೆ, "ಹೋಗ್ಬನ್ನಿ, ಬೂಟಿಗೂ ಒಳ್ಳೇದಾಗುತ್ತೆ, ನಿಮಗೂ ಒಳ್ಳೇದಾಗುತ್ತೆ" ಅಂದಿದ್ದಳು. ಬೂಟು ಕಚ್ಚುತ್ತಿರಲಿಲ್ಲ. ಪಾಪನಿವೇದನೆ ಮಾಡಿಕೊಳ್ಳಲು ಹೊರಟ ಮನುಷ್ಯ ಹೊಸ್ತಿಲು ದಾಟುವ ಮೊದಲೇ ಇನ್ನೊಂದು ಸುಳ್ಳು ಹೇಳಿಯಾಗಿತ್ತು. ತಾವಿರುವ ಕಾರ್ಖಾನೆ ಕಾಲೊನಿಯ ಚರ್ಚಿನಲ್ಲೇ ಹೇಳಿಕೊಳ್ಳಬಹುದಿತ್ತು, ಆದರೆ ಅಲ್ಲಿ ಮರದ ಜಾಲರಿಯ ಆಚೆ ಕೂರುವವರು ಫಾದರ್ ಮಾರ್ಸೆಲ್, ಈಚೆ ಮಂಡಿಯೂರುವವನು ಅದೇ ಚರ್ಚಿನ ಉಪದೇಶಿ. ಭಾನುವಾರ ಮಕ್ಕಳಿಗೆ ಧರ್ಮಬೋಧೆ ಹೇಳುವವನ ದನಿ ಯಾರಿಗೆ ತಾನೆ ಗೊತ್ತಾಗುವುದಿಲ್ಲ? ಕಾಲೊನಿಯ ಗಂಡಸರಲ್ಲಿ ಇದೊಂದು ಹಳೇ ವಾಡಿಕೆ: ಸಣ್ಣ ಪುಟ್ಟ ಪಾಪಗಳನ್ನು ಊರಲ್ಲೇ ಮುಗಿಸಿ, ದೊಡ್ಡವನ್ನು ಶಿವಮೊಗ್ಗಕ್ಕೆ ಒಯ್ಯುವುದು. ಅದಕ್ಕೂ ದೊಡ್ಡವಿದ್ದವರು ಬೆಂಗಳೂರಿನ ರೈಲು ಹತ್ತುತ್ತಾರೆ ಅಂತ ತಮಾಷೆ.

ಬಸ್ಸು ಹೊರಟಿತು. ಕಂಡಕ್ಟರಿಗೆ ಚಿಲ್ಲರೆ ತೆಗೆಯಲು ಅಂಗಿಯ ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಅದೇ ಚೀಟಿ ತಗಲಿತು. ನಾಲ್ಕು ಮಡಿಕೆ ಮಡಿಚಿದ ಪುಸ್ತಕದ ಹಾಳೆಯ ಚೂರು, ಒಳಗೆ ಅವನದೇ ಅಕ್ಷರದಲ್ಲಿ ಅವನದೇ ಹೆಸರು. ಭಾನುವಾರದಿಂದ ಅದನ್ನು ಎಸೆಯಬೇಕು ಅಂದುಕೊಂಡು ಎಸೆಯಲಾಗದೆ, ಅಂಗಿ ಬದಲಾಯಿಸಿದಾಗೆಲ್ಲ ಒಂದು ಜೇಬಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದ. ಇದು ಇಲ್ಲಿದ್ದರೆ ಅಲ್ಲಿ ಬಂದದ್ದು ಯಾವುದು? ಪವಿತ್ರ ಗುರುವಾರದ ಸಂಜೆ, ಯೇಸುಸ್ವಾಮಿ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಊರಿನ ಹನ್ನೆರಡು ಗಂಡಸರ ಬಲಗಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ಬೇರೆ ಕಡೆ ಫಾದರೇ ಹೆಸರು ಆರಿಸುತ್ತಾರಂತೆ. ಇಲ್ಲಿ ಹಾಗೆ ಆರಿಸಿದ ಒಂದು ವರ್ಷ ತಮಿಳಿನವರ ಕಾಲು ಎಷ್ಟು, ಕೊಂಕಣಿಯವರ ಕಾಲು ಎಷ್ಟು, ಕನ್ನಡದವರ ಕಾಲೇನು ಕೊಳೆತು ಹೋಗಿತ್ತಾ ಅಂತ ದೊಡ್ಡ ರಂಪವಾಗಿ, ದೇವರೇ ಆರಿಸಲಿ ಎಂದು ಚೀಟಿ ಎತ್ತುವ ಪದ್ಧತಿ ಬಂತು. ಒಬ್ಬೊಬ್ಬ ಗಂಡಸೂ ತನ್ನ ಹೆಸರು ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಡಬ್ಬಿ ಹಿಡಿದು ನಿಲ್ಲುವವನು ಇನ್ನಾಸಪ್ಪ. ಕೊನೆಗೆ ಎಲ್ಲರೂ ನೋಡುತ್ತಿರುವಂತೆಯೇ ಅವನೂ ಚೀಟಿ ಹಿಡಿದ ಕೈಯನ್ನು ಡಬ್ಬಿಯೊಳಗೆ ಇಳಿಸುತ್ತಿದ್ದ, ಎರಡು ಬೆರಳ ಸಂದಿಯಲ್ಲಿ ಅದೇ ಚೀಟಿಯನ್ನು ಹಾಗೇ ಹೊರಗೆ ತರುತ್ತಿದ್ದ. ಹನ್ನೊಂದು ವರ್ಷ ಹೀಗೆ. ದೇವರ ಎದುರಿಗೇ ಕೈಚಳಕ. ಹನ್ನೊಂದು ವರ್ಷವೂ ಅವನ ಹೆಸರು ಬರಲಿಲ್ಲ, ಬರುವುದಾದರೂ ಹೇಗೆ? ಜನ ಮಾತ್ರ, "ಪಾಪ, ಎಷ್ಟು ತಾಳ್ಮೆ ನೋಡಿ ಮನುಷ್ಯನಿಗೆ" ಎಂದು ಮರುಗುತ್ತಿದ್ದರು. ಆ ಮರುಕ ಅವನಿಗೆ ಒಳಗೊಳಗೇ ಸ್ವಲ್ಪ ಹಿತವಾಗಿಯೂ ಇತ್ತು ಅನ್ನುವುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೊನ್ನೆ ಗರಿಗಳ ಭಾನುವಾರ, ಪವಿತ್ರ ವಾರದ ಮೊದಲ ದಿನ, ಎಂಬತ್ತು ದಾಟಿದ ಬಂಗಾರಮ್ಮ ಪ್ರತಿ ವರ್ಷದಂತೆ ಡಬ್ಬಿಗೆ ಕೈ ಹಾಕಿ ಮೊದಲ ಚೀಟಿ ಎತ್ತಿಕೊಟ್ಟಳು. ಫಾದರ್ ಬಿಡಿಸಿ ಓದಿದರು: ಇನ್ನಾಸಪ್ಪ. ಚರ್ಚಿಗೆ ಚರ್ಚೇ ಹೋ ಎಂದಿತು. ಯಾರೋ ಬೆನ್ನು ತಟ್ಟಿದರು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಚೀಟಿ ಅಲ್ಲೇ ಬೆಚ್ಚಗೆ ಕೂತಿತ್ತು. ಆಮೇಲೆ ನಡೆದದ್ದೆಲ್ಲ ನೀರಿನೊಳಗಿಂದ ಕೇಳಿದಂತೆ ಕೇಳಿಸಿತು. ಆ ದಿನ ಚೀಟಿ ಎತ್ತುವುದು ಯಾಕೋ ಬಹಳ ಹೊತ್ತು ಹಿಡಿಯಿತು ಎಂಬುದು ಮಾತ್ರ ನೆನಪಿದೆ. ಫಾದರ್ ನಡುನಡುವೆ ಒಂದು ಚೀಟಿ ಬಿಡಿಸಿ, "ಇದಕ್ಕೆ ಮಸಿ ಹತ್ತಿದೆ, ಇನ್ನೊಂದು ಎತ್ತಮ್ಮ" ಎಂದು ಅದನ್ನು ನಿಲುವಂಗಿಯ ಜೇಬಿಗೆ ಇಳಿಸುತ್ತಿದ್ದರು. ಕೊನೆಗೆ ಏನೋ ಪ್ರಕಟಣೆಯನ್ನೂ ಓದಿದರು. ಇನ್ನಾಸಪ್ಪನಿಗೆ ಕೇಳಿಸಿದ್ದು ತನ್ನ ಬಲಗಾಲಿನ ಸದ್ದು ಮಾತ್ರ, ಅದು ಬೂಟಿನೊಳಗೆ ಟಕಟಕ ಬಡಿದುಕೊಳ್ಳುತ್ತಿತ್ತು.

ಮಾಚೇನಹಳ್ಳಿ ದಾಟುವಾಗ ಕಿಟಕಿಯ ಗಾಳಿ ಮುಖಕ್ಕೆ ಹೊಡೆದು ಸ್ವಲ್ಪ ಹಾಯೆನಿಸಿತು. ಹೋದ ತಿಂಗಳು ಧರ್ಮಬೋಧೆಯ ಹೊತ್ತಿನಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಮನುಷ್ಯ ತಪ್ಪು ಮಾಡ್ತಾನೆ ಅಂತ ದೇವರಿಗೆ ಮೊದ್ಲೇ ಗೊತ್ತಿದ್ರೆ, ಮಾಡಿದ್ದು ಮನುಷ್ಯನ ತಪ್ಪು ಹೇಗೆ?" ಎಂದಿದ್ದಳು. ಮನುಷ್ಯನಿಗೆ ದೇವರು ಸ್ವಂತ ಇಚ್ಛೆ ಕೊಟ್ಟಿದ್ದಾನೆ, ಆರಿಸುವವನು ಅವನೇ, ಆರಿಸಿದ್ದಕ್ಕೆ ಹೊಣೆಯೂ ಅವನೇ ಎಂದು ಇನ್ನಾಸಪ್ಪ ಒದರಿದ್ದ. "ಹಾಗಾದ್ರೆ ದೇವರ ಕೃಪೆ ಯಾತಕ್ಕೆ ಸಾರ್?" ಅಂದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಅಂದಿದ್ದ. ಈಗ ನೋಡಿದರೆ ತನಗೇ ಪರೀಕ್ಷೆಗೆ ಬಂದಿತ್ತು. ಅವತ್ತು, ಆ ಎಂಬತ್ನಾಲ್ಕನೇ ಇಸವಿಯ ರಾತ್ರಿಪಾಳಿಯಲ್ಲಿ, ಕಾರ್ಖಾನೆಯ ಕುಲುಮೆಯ ಹತ್ತಿರ ಬೂಟು ಬಿಚ್ಚಿದ್ದು ಯಾರ ಇಚ್ಛೆ? ಹೊಸ ಬೂಟು, ಕಿರುಬೆರಳಲ್ಲಿ ಬೊಬ್ಬೆ ಎದ್ದಿತ್ತು, ಹತ್ತೇ ನಿಮಿಷ ಎಂದು ಬಲಗಾಲಿನ ಬೂಟು ಕಳಚಿ ಹವಾಯಿ ಚಪ್ಪಲಿ ಮೆಟ್ಟಿದ. ಕರಗಿದ ಕಬ್ಬಿಣ ತುಳುಕಿ ಬಂದಾಗ ಅದೇ ಪಾಳಿಯ ಜೊತೆಗಾರ ಚೌರಪ್ಪ ಎದುರಿಗೇ ಇದ್ದ. ಇನ್ನಾಸಪ್ಪ ಮಾಡಿದ್ದೇನು? ಹೆದರಿ ಓಡಿದ್ದು. ಓಡುವಾಗ ಚೌರಪ್ಪನಿಗೆ ಡಿಕ್ಕಿ ಹೊಡೆದಿದ್ದ, ಅವನು ಆಚೆ ಬಿದ್ದು ಬದುಕಿಕೊಂಡ, ತಾನು ಈಚೆ ಬಿದ್ದ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಊರೆಲ್ಲ ಒಂದೇ ಮಾತು: ಇನ್ನಾಸಪ್ಪ ಚೌರಪ್ಪನನ್ನು ತಳ್ಳಿ ಉಳಿಸಿದ, ತನ್ನ ಕಾಲು ಸುಟ್ಟುಕೊಂಡ. ಅಲ್ಲ ಅನ್ನಲು ಬಾಯಿ ತೆರೆದಿದ್ದ, ಆದರೆ ಹಾಸಿಗೆಯ ಪಕ್ಕ ಕಾರ್ಖಾನೆಯ ಸಾಹೇಬರು ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ಬಾಯಿ ಹಾಗೇ ಮುಚ್ಚಿತು, ಹದಿನಾಲ್ಕು ವರ್ಷ. ಟೈಮ್ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಪ್ರತಿ ಕ್ರಿಸ್ಮಸ್ಸಿಗೆ ಚೌರಪ್ಪನ ಮನೆಯಿಂದ ಒಂದು ತಟ್ಟೆ ಕರಿದ ಸಿಹಿತಿಂಡಿ, ಕಲಕಲ, ರೋಸ್ ಕುಕೀಸು, ಬರುತ್ತದೆ. ಒಂದೊಂದೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೂ ತಿನ್ನುತ್ತಾನೆ, ರುಚಿಯಾಗಿರುತ್ತವಲ್ಲ. ಸುಟ್ಟು ಮುದುರಿದ, ಎರಡು ಬೆರಳಿಲ್ಲದ ಆ ಕಾಲನ್ನು ಫಾದರ್ ಊರೆದುರು ಕೈಯಲ್ಲಿ ಹಿಡಿದು ಮುತ್ತಿಟ್ಟರೆ ಸುಳ್ಳಿಗೇ ಮುತ್ತಿಟ್ಟಂತೆ. ಅದಕ್ಕೇ ಚೀಟಿಯ ಕೈಚಳಕ, ಅದಕ್ಕೇ ಈ ಬಸ್ಸು.

ಶಿವಮೊಗ್ಗದ ಚರ್ಚಿನ ಒಳಗೆ ತಂಪಾಗಿತ್ತು. ಪಾಪನಿವೇದನೆಯ ಮರದ ಗೂಡಿನ ಮುಂದೆ ಸಾಲಿನಲ್ಲಿ ನಾಲ್ಕೈದು ಜನ, ಎಲ್ಲ ಅಪರಿಚಿತ ಬೆನ್ನುಗಳು, ಸದ್ಯ. ತನ್ನ ಸರದಿ ಬಂದಾಗ ಪರದೆ ಸರಿಸಿ ಎಡಮಂಡಿ ಮೊದಲು ಊರಿದ. ದನಿಯನ್ನು ಸ್ವಲ್ಪ ಗೊಗ್ಗರು ಮಾಡಿಕೊಂಡು, "ಆಶೀರ್ವಾದ ಮಾಡಿ ಫಾದರ್, ಪಾಪ ಮಾಡಿದೀನಿ" ಎಂದ. ಯಾರೂ ಕೇಳದಿದ್ದರೂ, "ನಾನು ಹೊಳೆಹೊನ್ನೂರಿನವನು" ಎಂದೂ ಸೇರಿಸಿದ. ಜಾಲರಿಯ ಆಚೆಯಿಂದ ಲವಂಗದ ವಾಸನೆ ತೇಲಿ ಬಂತು. ಗಂಟಲಿಗೆ ಒಳ್ಳೆಯದೆಂದು ಹಗಲೆಲ್ಲ ಲವಂಗ ಜಗಿಯುವ ಪಾದ್ರಿ ಇಡೀ ಜಿಲ್ಲೆಯಲ್ಲಿ ಇನ್ನಾಸಪ್ಪನಿಗೆ ಗೊತ್ತಿದ್ದಂತೆ ಒಬ್ಬರೇ.

"ಹೊಳೆಹೊನ್ನೂರಿನವ್ರು. ಸರಿ, ಹೇಳಿ" ಎಂದರು ಫಾದರ್ ಮಾರ್ಸೆಲ್.

ಭಾನುವಾರದ ಪ್ರಕಟಣೆ ಆಗ, ಎರಡು ದಿನ ತಡವಾಗಿ, ಅವನ ಕಿವಿಗೆ ಬಿತ್ತು: ಈ ವರ್ಷದಿಂದ ಪವಿತ್ರ ವಾರದಲ್ಲಿ ಊರೂರಿನ ಫಾದರುಗಳು ಅದಲುಬದಲಾಗಿ ಕೂರುತ್ತಾರೆ, ಜನರಿಗೆ ಮುಜುಗರವಾಗದಿರಲಿ ಎಂದು. ಇವತ್ತು ಶಿವಮೊಗ್ಗದ ಫಾದರ್ ಕಾಲೊನಿಯ ಚರ್ಚಿನಲ್ಲಿ, ಮನೆಯಿಂದ ಐದು ನಿಮಿಷದ ದಾರಿಯಲ್ಲಿ, ಪರಮ ಅಪರಿಚಿತರಾಗಿ ಕೂತಿದ್ದಾರೆ. ಎದ್ದು ಹೋಗೋಣವೆಂದರೆ ಬಲಗಾಲು ಮರಗಟ್ಟಿತ್ತು. ಬಾವಿಗೆ ಬಿದ್ದ ಮೇಲೆ ಚಳಿಯೇನು, ಮಳೆಯೇನು. ಗೊಗ್ಗರು ದನಿಯಲ್ಲೇ ಶುರು ಮಾಡಿ, ಡಬ್ಬಿಯ ಕೈಚಳಕ, ಚಪ್ಪಲಿ, ಓಟ, ಹಣ್ಣಿನ ಬುಟ್ಟಿ ಎಲ್ಲ ಹೇಳಿದ. ಅರ್ಧಕ್ಕೆ ಬರುವಾಗ ದನಿ ತನ್ನದೇ ಆಗಿಬಿಟ್ಟಿತ್ತು, ಅದನ್ನು ತಡೆಯಲೂ ಹೋಗಲಿಲ್ಲ.

"ಫಾದರ್, ನಾನು ಹೊಳೆಹೊನ್ನೂರಿನವನಲ್ಲ. ಅದೂ ಸುಳ್ಳು."

"ಇರ್ಲಿ, ಅದನ್ನೂ ಸೇರಿಸ್ಕೊಳ್ಳೋಣ."

"ಯೋಗ್ಯತೆ ಇಲ್ಲದವನು ಆ ಹನ್ನೆರಡು ಜನರ ಜೊತೆ ಹೇಗೆ ಕೂರ್ಲಿ? ಚೀಟಿಯನ್ನೂ ನಾನು ಹಾಕ್ಲಿಲ್ಲ."

"ಯೋಗ್ಯತೆ ಇರೋ ಹನ್ನೆರಡು ಜನಾನ ಹುಡುಕ್ತಾ ಹೋದ್ರೆ ನೀರು ಆರಿ ತಣ್ಣಗಾಗುತ್ತೆ. ಮೊದಲನೇ ಸಲ ತೊಳೆದಾಗ್ಲೂ, ಆಮೇಲೆ ಸ್ವಾಮೀನ ವೈರಿಗಳಿಗೆ ಹಿಡ್ಕೊಟ್ಟ ಶಿಷ್ಯನ ಕಾಲು ಆ ಸಾಲಲ್ಲೇ ಇತ್ತಲ್ಲ, ಸ್ವಾಮಿ ಅದನ್ನ ಬಿಟ್ಟು ಮುಂದಕ್ಕೆ ಹೋಗ್ಲಿಲ್ಲ." ಲವಂಗ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿದ ಸದ್ದಾಯಿತು. "ಚೀಟಿ ಹಾಕ್ದೇ ಇರೋದು ನಿಮ್ಮ ಇಷ್ಟ ಆಗಿತ್ತು. ಹೆಸರು ಬಂದಿದ್ದು ನಿಮ್ಮ ಇಷ್ಟ ಅಲ್ಲ. ಬಂದ ಮೇಲೆ ಕೂರೋದು, ಬಿಡೋದು ಮತ್ತೆ ನಿಮ್ಮ ಇಷ್ಟಾನೇ. ಯಾರೂ ರಟ್ಟೆ ಹಿಡಿದು ಕೂರಿಸಲ್ಲ. ಪ್ರಾಯಶ್ಚಿತ್ತ ಇಷ್ಟೇ: ಮೊದ್ಲು ಆ ಮನುಷ್ಯನಿಗೆ ನಿಜ ಹೇಳಿ. ಆಮೇಲೆ ಗುರುವಾರ ಕಾಲು ಕೊಡಿ, ಹೊಳೆಹೊನ್ನೂರಲ್ಲಾದ್ರೂ ಸರಿ."

ಆ ಮನುಷ್ಯನಿಗೆ ಹೇಳುವುದು ಸುಲಭವೇ? ಮನೆಗೆ ಹೋಗಿ, ಯೋಚಿಸಿ, ಮಾತು ಜೋಡಿಸಿ, ಬುಧವಾರ ಸಂಜೆ ನೋಡೋಣ ಎಂದುಕೊಳ್ಳುತ್ತ ಇನ್ನಾಸಪ್ಪ ಪರದೆ ಸರಿಸಿದ. ಸಾಲಿನ ಮೊದಲಿಗೆ, ಕೈಯಲ್ಲಿ ಜಪಸರ ಹಿಡಿದು, ಚೌರಪ್ಪ ನಿಂತಿದ್ದ.

"ಏನ್ ಮಾರಾಯ, ನೀನೂ?" ಎಂದ ಚೌರಪ್ಪ.

"ಬೂಟು ರಿಪೇರಿಗೆ ಬಂದಿದ್ದೆ."

"ಚರ್ಚಲ್ಲಾ?"

ಒಳಗಿರುವವರು ನಮ್ಮ ಫಾದರೇ ಎಂದು ಇನ್ನಾಸಪ್ಪ ಅವನ ಕಿವಿಯಲ್ಲಿ ಪಿಸುಗುಟ್ಟಿದ. ಪಿಸುಗುಟ್ಟಿದ್ದು ಎಡಗಿವಿಯಲ್ಲಿ. ಕಾರ್ಖಾನೆಯ ಸದ್ದಿಗೆ ಆ ಕಿವಿ ಸತ್ತು ಎಷ್ಟೋ ವರ್ಷವಾಗಿದೆ, ಭಾನುವಾರದ ಪ್ರಕಟಣೆಯನ್ನೂ ಅದು ನುಂಗಿರಬೇಕು. ಚೌರಪ್ಪ ತಲೆಯಾಡಿಸಿ ನಿಶ್ಚಿಂತೆಯಿಂದ ಒಳಗೆ ಹೋದ. ಇನ್ನಾಸಪ್ಪ ಬೆಂಚಿನ ಮೇಲೆ ಕೂತು ಒಂದು ಜಪ ಹೇಳಲು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಗೂಡಿನೊಳಗಿಂದ ಕೆಮ್ಮು ಕೇಳಿಸಿತು, ಮತ್ತೆ ಕೆಮ್ಮು, ಆಮೇಲೆ ಕೆಮ್ಮಿನ ವೇಷ ಕಳಚಿಕೊಂಡು ನಗುವೇ ಬಂತು. ಫಾದರ್ ನಗುತ್ತಿದ್ದರು. ಪಾಪ ಕೇಳಿ ನಗುವ ಫಾದರನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಚೌರಪ್ಪ ಕೆಂಪು ಮುಖ ಮಾಡಿಕೊಂಡು ಹೊರಬಂದು, "ನಮ್ಮವ್ರೇ ಮಾರಾಯ ಒಳಗೆ! ಹೇಳ್ಬಾರ್ದಾ?" ಎಂದ.

ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ಇಬ್ಬರೂ ಎದುರುಬದುರು ಕೂತರು. ಹಬ್ಬಕ್ಕೆ ಮುಂಚಿನ ಉಪವಾಸ, ತಪಸ್ಸಿನ ಕಾಲವೆಂದು ಖಾಲಿ ದೋಸೆ ಹೇಳಿದರು. ಮಾಣಿ ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟು ತಂದ, ತಂದ ಮೇಲೆ ಬೇಡವೆನ್ನುವುದು ಸೊಕ್ಕಾಗುತ್ತದೆ. ಕೈ ತೊಳೆದು ಬಂದ ಧೈರ್ಯದಲ್ಲಿ ಇನ್ನಾಸಪ್ಪ ಚೌರಪ್ಪನ ಬಲಗಿವಿಯ ಕಡೆಗೆ ಕುರ್ಚಿ ಎಳೆದುಕೊಂಡು ಒಂದೇ ಉಸಿರಿಗೆ ಹೇಳಿದ. ಅವನ ಮುಖ ನೋಡಲಿಲ್ಲ, ದೋಸೆಯ ತೂತುಗಳನ್ನು ನೋಡುತ್ತ ಹೇಳಿದ. ನಿನ್ನನ್ನು ನಾನು ಉಳಿಸಲಿಲ್ಲ, ನಾನು ಓಡುತ್ತಿದ್ದೆ, ಕಾಲಲ್ಲಿ ಚಪ್ಪಲಿ ಇತ್ತು. ಹೇಳಿ ಮುಗಿಸಿ, ಬೈಗುಳಕ್ಕೆ ತಲೆ ತಗ್ಗಿಸಿ ಕೂತ. ಬೈಗುಳ ಬರಲಿಲ್ಲ. ಚೌರಪ್ಪ ಚಟ್ನಿ ಹಾಕಿಸಿಕೊಳ್ಳುತ್ತಿದ್ದ.

"ನೀನು ಓಡಿದ್ದು ನಾನು ನೋಡ್ಲಿಲ್ವಾ? ಎದುರಿಗೇ ಇದ್ನಲ್ಲ ಮಾರಾಯ. ನಿನ್ನ ಮುಖ ಇನ್ನೂ ಕಣ್ಣಲ್ಲಿದೆ, ದೆವ್ವ ಕಂಡವನ ಹಾಗೆ ಬಂದೆ."

"ಮತ್ತೆ ನೀನು..."

"ನಾನೇ ಸಾಹೇಬ್ರಿಗೆ ಹೇಳಿದ್ದು, ತಳ್ಳಿ ಉಳಿಸ್ದ ಅಂತ. ಬೂಟಿಲ್ದೆ ಕುಲುಮೆ ಹತ್ರ ನಿಂತಿದ್ದ ಅಂತ ಗೊತ್ತಾಗಿದ್ರೆ ನಿನ್ನ ಕೆಲಸ ಉಳೀತಿತ್ತಾ? ಕಾಲೂ ಇಲ್ಲ, ಕೆಲಸಾನೂ ಇಲ್ಲ. ನಿನ್ನ ಬೂಟು ಮೂಲೇಲಿ ಅಚ್ಚುಕಟ್ಟಾಗಿ ನಿಂತಿತ್ತು. ಯಾರಾದ್ರೂ ನೋಡ್ತಾರೆ ಅಂತ ತಗೊಂಡು ಕುಲುಮೆಗೆ ಎಸೆದೆ."

ಆ ಬೂಟು ಎಲ್ಲಿ ಹೋಯಿತೆಂದು ಇನ್ನಾಸಪ್ಪ ಹದಿನಾಲ್ಕು ವರ್ಷ ಯೋಚಿಸಿದ್ದ. ನಿದ್ದೆಯಲ್ಲಿ ಅದು ಒಂಟಿಯಾಗಿ ನಡೆದುಕೊಂಡು ಬಂದು ಬಾಗಿಲು ತಟ್ಟುತ್ತಿತ್ತು. ಈಗ ಅದು ಯಾವ ಊರಿನ ಯಾವ ಸೇತುವೆಯ ಕಬ್ಬಿಣದಲ್ಲಿ ಕರಗಿ ಸೇರಿದೆಯೋ. ಅವನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಇಷ್ಟು ವರ್ಷ ತಾನು ಒಬ್ಬನೇ ಹೊತ್ತಿದ್ದೇನೆ ಅಂದುಕೊಂಡ ಪಾಪದಲ್ಲಿ ಇನ್ನೊಬ್ಬ ಪಾಲುದಾರ, ಅದೂ ತನ್ನನ್ನು ಕೇಳದೆ!

"ನಾನು ಕೇಳಿದ್ನಾ ನಿನ್ನ? ಸುಳ್ಳು ಹೇಳು ಅಂತ ಕೇಳಿದ್ನಾ?"

"ಕೇಳೋ ಸ್ಥಿತೀಲಿದ್ಯಾ ನೀನು? ಬಾಯಿ ಬಿಟ್ಕೊಂಡು ಬಿದ್ದಿದ್ದೆ." ಚೌರಪ್ಪ ಬೆಣ್ಣೆ ಸವರಿದ ತುಂಡನ್ನು ಬಾಯಿಗಿಟ್ಟ. "ಸುಳ್ಳು ಸಾಕ್ಷಿ ಹೇಳಿದ ಪಾಪ ನಂದು. ವರ್ಷಕ್ಕೊಂದು ಸಲ ಇಲ್ಲಿಗೆ ಬಂದು ಅದನ್ನೇ ಹೇಳ್ತೀನಿ. ಕ್ಷಮೆ ಸಿಗುತ್ತೆ, ಆದ್ರೆ ಪಶ್ಚಾತ್ತಾಪ ಮಾತ್ರ ಬರ್ಲೇ ಇಲ್ಲ ನೋಡು. ಅದಕ್ಕೇ ಮತ್ತೆ ಬರ್ತೀನಿ. ಈ ಸಲ ಫಾದರ್ ಯಾಕೋ ಬಿದ್ದು ಬಿದ್ದು ನಕ್ರು."

ಇನ್ನಾಸಪ್ಪನ ಕೈ ದೋಸೆಯ ಮೇಲೇ ನಿಂತಿತು. ಕ್ರಿಸ್ಮಸ್ಸಿನ ತಟ್ಟೆಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಅವು ಉಳಿಸಿದವನಿಗೆ ಬಂದ ಋಣದ ತಟ್ಟೆಗಳಲ್ಲ. ಓಡಿದವನು ಎಂದು ಚೆನ್ನಾಗಿ ಗೊತ್ತಿದ್ದೇ, ಸುಮ್ಮನೆ, ಅವನು ಇನ್ನಾಸಪ್ಪ ಎಂಬ ಒಂದೇ ಕಾರಣಕ್ಕೆ ಕೊಟ್ಟವು. ಕಣ್ಣಲ್ಲಿ ನೀರು ಬಂತು, ಖಾರ ಎಂದು ಹೇಳೋಣವೆಂದರೆ ಅವನ ತಟ್ಟೆಯಲ್ಲಿ ಚಟ್ನಿಯೇ ಇರಲಿಲ್ಲ. "ಅಳ್ಬೇಡ ಮಾರಾಯ, ಜನ ನೋಡ್ತಾರೆ, ದೋಸೆ ಚೆನ್ನಾಗಿಲ್ಲ ಅಂದ್ಕೋತಾರೆ" ಎಂದ ಚೌರಪ್ಪ, ತನ್ನ ಚಟ್ನಿಯನ್ನು ಇತ್ತ ಸರಿಸುತ್ತ. ಇಬ್ಬರೂ ಇನ್ನೊಂದೊಂದು ದೋಸೆ ತಿಂದರು.

ಗುರುವಾರ ಸಂಜೆ ಪೂಜೆಗೆ ಮುಂಚೆ, ಚರ್ಚಿನ ಪಕ್ಕದ ಕೋಣೆಯಲ್ಲಿ ಹಿತ್ತಾಳೆಯ ಹೂಜಿ, ಬೋಗುಣಿ, ಹನ್ನೆರಡು ಟವೆಲು ಜೋಡಿಸುತ್ತಿದ್ದಾಗ ಫಾದರ್ ಮಾರ್ಸೆಲ್ ಬಂದರು. ಮಂಗಳವಾರದ ಬಗ್ಗೆ ಒಂದು ಮಾತಿಲ್ಲ, ಮುಖದಲ್ಲಿ ಒಂದು ಗೆರೆಯಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಹೂಳಬೇಕೆಂಬುದು ನಿಯಮ. ನಿಲುವಂಗಿಯ ಜೇಬಿನಿಂದ ಒಂದು ಹಿಡಿ ಕಾಗದ ತೆಗೆದು ಮೇಜಿನ ಮೇಲೆ ಹಾಕಿದರು. "ಭಾನುವಾರದ ಮಸಿ ಹತ್ತಿದ ಚೀಟಿಗಳು, ಮೊದಲು ಓದಿದ್ದೂ ಇದರಲ್ಲೇ ಇದೆ. ಡಬ್ಬಿ ನಿಮ್ಮದಲ್ವಾ ಇನ್ನಾಸಪ್ಪನವ್ರೇ, ನೀವೇ ಏನಾದ್ರೂ ಮಾಡಿ" ಎಂದು ಹೋದರು. ಒಂದನ್ನು ಬಿಡಿಸಿದ. ಮಸಿಯಿಲ್ಲ, ಗಿಸಿಯಿಲ್ಲ, ದುಂಡನೆಯ ಅಕ್ಷರದಲ್ಲಿ ಇನ್ನಾಸಪ್ಪ. ಇನ್ನೊಂದು ಬಿಡಿಸಿದ, ಇನ್ನಾಸಪ್ಪ. ಒಂದರಲ್ಲಿ ತಮಿಳು ಲಿಪಿಯಲ್ಲಿ. ಒಂದು ಚೌರಪ್ಪನ ಕೋಳಿಕಾಲಿನ ಬರಹ. ಒಟ್ಟು ಒಂಬತ್ತು ಜನ ಗಂಡಸರು ತಮ್ಮ ಹೆಸರು ಬಿಟ್ಟು, ಒಬ್ಬರಿಗೊಬ್ಬರು ಹೇಳದೆ, ಅವನ ತಾಳ್ಮೆಯನ್ನು ನೋಡಲಾರದೆ ಅವನ ಹೆಸರು ಬರೆದು ಹಾಕಿದ್ದರು. ಹತ್ತನೆಯದು ತನ್ನ ಮನೆಯದೇ ಕ್ಯಾಲೆಂಡರಿನ ಹಿಂಬದಿ, ಹಾಲಿನ ಲೆಕ್ಕ ಬರೆಯುವ ನೇರಳೆ ಪೆನ್ನು. ಹೆಂಗಸರು ಚೀಟಿ ಹಾಕುವಂತಿಲ್ಲ. ಡಬ್ಬಿ ಹಿಡಿದು ನಿಂತವನ ಕಣ್ಣಿಗೇ ಮಣ್ಣೆರಚಿ ಆರೋಗ್ಯಮ್ಮ ಯಾವಾಗ ಕೈಚಳಕ ತೋರಿಸಿದಳೋ! ಅವನು ಹತ್ತನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದ. ತಾನು ಹನ್ನೊಂದು ವರ್ಷ ಒಂದು ಚೀಟಿ ಕದ್ದರೆ ಇವರೆಲ್ಲ ಒಂದೇ ದಿನ ಹತ್ತು ಹಾಕಿದ್ದರು. ಆಮೇಲೆ ಜೇಬಿಗೆ ಕೈ ಹಾಕಿ, ಬೆವರಿಗೆ ಮೆತ್ತಗಾಗಿದ್ದ ತನ್ನ ಚೀಟಿಯನ್ನು ತೆಗೆದು, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆರೆದು, ಒಳಗೆ ಬಿಟ್ಟ. ಇನ್ನು ಅದರಿಂದ ಏನೂ ಆಗಬೇಕಾಗಿರಲಿಲ್ಲ. ಆದರೂ ಹಾಕಿದ, ಈ ಸಲ ಕೈ ಖಾಲಿಯಾಗಿ ಹೊರಗೆ ಬಂತು.

ಹನ್ನೆರಡು ಕುರ್ಚಿಗಳಲ್ಲಿ ಮೊದಲನೆಯದು ಅವನದು. ಬೂಟು ಬಿಚ್ಚಿದ, ಕಾಲುಚೀಲ ಎಳೆದು ಅದರೊಳಗೇ ತುರುಕಿದ. ಮುಂದಿನ ಸಾಲಿನವರು ನೋಡಿದರು, ನೋಡಿ ಯಾರೂ ಮುಖ ತಿರುಗಿಸಲಿಲ್ಲ. ಫಾದರ್ ಮಂಡಿಯೂರಿ ಮುದುರಿದ ಪಾದವನ್ನು ಅಂಗೈಯಲ್ಲಿ ಹಿಡಿದು ಹೂಜಿ ಬಗ್ಗಿಸಿದರು. ಅದು ಸತ್ತ ಕಾಲು. ಮುಳ್ಳು ಚುಚ್ಚಿದರೂ ತಿಳಿಯದು ಎಂದು ಡಾಕ್ಟರು ಹೇಳಿದ್ದರು, ಅವನೂ ಅದನ್ನು ಹಾಗೇ ನಂಬಿಕೊಂಡು ಕಾಲುಚೀಲದಲ್ಲಿ ಹೂತಿಟ್ಟಿದ್ದ. ನೀರು ಬೆರಳಿಲ್ಲದ ಸಂದಿಯಲ್ಲಿ ಹರಿದು ಅಂಗಾಲಿನ ಗುಂಡಿಗೆ ಇಳಿಯಿತು. ಅಲ್ಲಿ ಎಲ್ಲೋ ಒಂದು ಕಡೆ, ಹದಿನಾಲ್ಕು ವರ್ಷದಿಂದ ಯಾರೂ ಮುಟ್ಟದ ಒಂದು ಚೂರು ಜಾಗದಲ್ಲಿ, ಕಚಗುಳಿಯಾಯಿತು. ತಡೆದುಕೊಂಡ, ತುಟಿ ಕಚ್ಚಿದ, ಎದುರಿನ ಶಿಲುಬೆಯನ್ನು ನೋಡಿದ. ಆಗಲಿಲ್ಲ. ಪವಿತ್ರ ಗುರುವಾರದ ಆ ಗಂಭೀರ ಮೌನದಲ್ಲಿ ಧರ್ಮಬೋಧೆಯ ಇನ್ನಾಸಪ್ಪ ಮೇಷ್ಟ್ರು ಕುರ್ಚಿಯಲ್ಲಿ ಕಾಲು ಎಳೆದುಕೊಳ್ಳುತ್ತ ಮಗುವಿನಂತೆ ಕಿಲಕಿಲನೆ ನಕ್ಕುಬಿಟ್ಟ. ಪಕ್ಕದ ಕುರ್ಚಿಯವನಿಗೆ ಅದು ಅಂಟಿತು, ಅಲ್ಲಿಂದ ಚೌರಪ್ಪನಿಗೆ, ಅಲ್ಲಿಂದ ಇಡೀ ಚರ್ಚಿಗೆ. ಹೆಂಗಸರ ಕಡೆಯಿಂದ ಬಂಗಾರಮ್ಮನ ಒಡಕು ದನಿ ಎಲ್ಲರಿಗೂ ಕೇಳಿಸಿತು: "ಸದ್ಯ, ಕಾಲಿಗೆ ಜೀವ ಇದೆ ಕಣ್ರೋ!"

ಒಬ್ಬೊಬ್ಬರಿಗೆ ಒಂದೇ ಸಲ ನೀರು ಹಾಕುವುದು ಪದ್ಧತಿ. ಫಾದರ್ ತುಟಿ ಬಿಗಿ ಹಿಡಿದು, ಕಣ್ಣಲ್ಲಿ ನಗು ತಡೆಯಲಾರದೆ, ಹೂಜಿಯನ್ನು ಇನ್ನೊಂದು ಸಲ ಬಗ್ಗಿಸಿದರು.